ಕಟ್ಟೆಯ ಮೇಲುಗಲ್ಲು

ಅಕ್ಕಿಪೇಟೆಯಿಂದ ಮೆಜೆಸ್ಟಿಕ್ ಕಡೆಗೆ ನಡೆದು ಹೋಗುವವರಿಗೆ ಟ್ಯಾಂಕ್ ಬಂಡ್ ರಸ್ತೆ ಎಂಬ ಹೆಸರಿನ ರಸ್ತೆಯೊಂದು ಸಿಗುತ್ತದೆ. ಕೆರೆಯ ಏರಿಯ ರಸ್ತೆ ಎಂದು ಅದರ ಅರ್ಥ. ಅಲ್ಲಿ ಈಗ ಕೆರೆಯೂ ಇಲ್ಲ, ಏರಿ ಎಂದು ಬೆರಳು ಮಾಡಿ ತೋರಿಸುವಂಥದ್ದೂ ಏನಿಲ್ಲ. ಬಸ್ಸು, ಆಟೋ, ಸಾಮಾನು ಇಳಿಸುವ ಗಾಡಿಗಳ ನಡುವೆ ಹೆಸರೊಂದು ಮಾತ್ರ ಉಳಿದುಕೊಂಡಿದೆ. ದಿನವೂ ಸಾವಿರಾರು ಜನ ಆ ಹೆಸರನ್ನು ಕಂಡಕ್ಟರಿಗೋ ಆಟೋದವರಿಗೋ ಹೇಳುತ್ತಾರೆ. ಯಾವ ಕೆರೆ ಎಂದು ಕೇಳುವವರು ಕಡಿಮೆ.

ಆ ಕೆರೆ ಧರ್ಮಾಂಬುಧಿ. ಕೆಂಪೇಗೌಡರ ಕಾಲದ್ದೆಂದು ಪರಂಪರೆ ಹೇಳುವ ಈ ಕೆರೆ ಬಹುಕಾಲ ಪೇಟೆಗೆ ನೀರು ಕೊಟ್ಟಿತು. 1896ರಲ್ಲಿ ಹೆಸರಘಟ್ಟದ ನೀರು ಕೊಳಾಯಿಯಲ್ಲಿ ಬೆಂಗಳೂರಿಗೆ ಬಂದ ಮೇಲೆ ಊರಿಗೆ ಹಳೆಯ ಕೆರೆಯ ಮೇಲಿನ ಅವಲಂಬನೆ ಹೋಯಿತು. ಹತ್ತಿರದಲ್ಲೇ ರೈಲು ನಿಲ್ದಾಣ ಬಂದಿತ್ತು. ನೀರು ಬರುವ ದಾರಿಗಳು ಕಟ್ಟಿಕೊಂಡವು, ಅಂಗಳ ಒಣಗಿತು, ಬಯಲಾಯಿತು. 1960ರ ದಶಕದ ಕೊನೆಯ ಹೊತ್ತಿಗೆ ಅಲ್ಲಿ ಬಸ್ ನಿಲ್ದಾಣ ಎದ್ದಿತು. ಕೆರೆ ಹೋದ ಕಥೆ ಓದುಗರಿಗೆ ಹೊಸದಲ್ಲ. ಆ ಏರಿಯ ಜೊತೆಗೆ ಹೋದ ಇನ್ನೊಂದು ತಿಳಿವಳಿಕೆಯ ಬಗ್ಗೆ ಯಾರೂ ಅಷ್ಟಾಗಿ ಬರೆದಿಲ್ಲ. ಮಣ್ಣನ್ನು ಅದರ ಜಾಗದಲ್ಲಿ ನಿಲ್ಲಿಸುವುದು ಹೇಗೆ, ನಿಲ್ಲಿಸಿದ ಗೋಡೆಯ ತಲೆಯನ್ನು ಕಾಯುವುದು ಹೇಗೆ ಎಂಬುದೇ ಆ ತಿಳಿವಳಿಕೆ.

ಕನ್ನಡದಲ್ಲಿ ಇದಕ್ಕೆಲ್ಲ ಒಂದೇ ಮಾತಿದೆ: ಕಟ್ಟೆ. ಕಟ್ಟಿದ್ದು ಕಟ್ಟೆ. ನೀರನ್ನು ತಡೆದು ನಿಲ್ಲಿಸಿದರೂ ಕಟ್ಟೆ, ಮರದ ಬುಡದ ಮಣ್ಣನ್ನು ತಡೆದು ನಿಲ್ಲಿಸಿದರೂ ಕಟ್ಟೆ. ಕೆರೆಕಟ್ಟೆ ಎಂದು ಎರಡನ್ನೂ ಕೂಡಿಸಿ ಹೇಳುತ್ತೇವೆ. ಮಂಡ್ಯದ ಕಡೆಯವರಿಗೆ ಕೃಷ್ಣರಾಜಸಾಗರದ ಅಷ್ಟು ದೊಡ್ಡ ಅಣೆಕಟ್ಟೂ ಕನ್ನಂಬಾಡಿ ಕಟ್ಟೆಯೇ. ಊರಿನ ನ್ಯಾಯ ತೀರ್ಮಾನಕ್ಕೆ ಪಂಚಾಯಿತಿ ಕಟ್ಟೆ, ಹೊತ್ತು ಕಳೆಯುವುದಕ್ಕೆ ಹರಟೆ ಕಟ್ಟೆ. ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಎಂಬ ಬಡಾವಣೆಯೇ ಇದೆ. ಮಣ್ಣು ತಡೆಯುವ ಗೋಡೆ, ಕೂರುವ ಜಾಗ, ಮಾತಾಡುವ ಜಾಗ, ಈ ಮೂರೂ ಒಂದೇ ಪದದೊಳಗೆ ಬಂದು ಕೂತದ್ದು ಆಕಸ್ಮಿಕವಲ್ಲ. ಅದಕ್ಕೆ ಕಾರಣ ಗೋಡೆಯ ಮೇಲೆ ಕೊನೆಗೆ ಹಾಸುವ ಚಪ್ಪಡಿ.

ಹಳೆಯ ಪೇಟೆಯ ಬೀದಿಗಳಲ್ಲಿ, ಬಸವನಗುಡಿಯಲ್ಲಿ, ಮಲ್ಲೇಶ್ವರದಲ್ಲಿ ಇನ್ನೂ ಅಲ್ಲಲ್ಲಿ ಕಾಣುವ ಅಶ್ವತ್ಥಕಟ್ಟೆಯನ್ನು ಒಮ್ಮೆ ನಿಂತು ನೋಡಿ. (ಅಕ್ಕಿಪೇಟೆಯ ನೆರೆಯ ಕಾಟನ್‌ಪೇಟೆಗೆ ಅರಳೆಪೇಟೆ ಎಂದು ಹೆಸರು; ಅದು ಹತ್ತಿಯ ಅರಳೆ, ಅರಳಿ ಮರಕ್ಕೂ ಅದಕ್ಕೂ ಸಂಬಂಧವಿಲ್ಲ.) ನಡುವೆ ಅರಳಿ, ಅದಕ್ಕೆ ಮದುವೆ ಮಾಡಿಸಿದ ಬೇವು. ಬುಡದಲ್ಲಿ ನಾಗರ ಕಲ್ಲುಗಳು. ಸುತ್ತ ಎರಡೂವರೆ ಮೂರು ಅಡಿ ಎತ್ತರದ ಕಲ್ಲುಗೋಡೆ, ಅದರೊಳಗೆ ತುಂಬಿದ ಮಣ್ಣು. ಗೋಡೆಯ ತಲೆಯ ಮೇಲೆ ಸುತ್ತಲೂ ದಪ್ಪನೆಯ ಚಪ್ಪಡಿಗಳ ಒಂದು ಸಾಲು. ತಲೆಹೊರೆ ಹೊತ್ತವನು ಯಾರ ಸಹಾಯವೂ ಇಲ್ಲದೆ ಮೂಟೆಯನ್ನು ಜಾರಿಸಿ ಇಳಿಸುವುದಕ್ಕೆ ಈ ಎತ್ತರ ಅನುಕೂಲ. ಅಕ್ಕಿ, ರಾಗಿ, ಎಣ್ಣೆ, ಬಳೆ ಎಂದು ಸರಕಿನ ಹೆಸರಿನಲ್ಲೇ ಬೀದಿಗಳಿದ್ದ ಊರಿನಲ್ಲಿ ಅದು ಸಣ್ಣ ಸೌಕರ್ಯವಲ್ಲ. ಈಗ ಅಕ್ಕಿಪೇಟೆಯಲ್ಲಿ ಅಕ್ಕಿಮೂಟೆಗಿಂತ ಔಷಧದ ಪೆಟ್ಟಿಗೆಗಳೇ ಹೆಚ್ಚು ಓಡಾಡುತ್ತವೆ. ಆದರೆ ಹೊರುವವನ ಸೊಂಟದ ಎತ್ತರ ಬದಲಾಗಿಲ್ಲ.

ಆ ಚಪ್ಪಡಿಗಳ ಸಾಲನ್ನು ಎಂಜಿನಿಯರರು ಕೋಪಿಂಗ್ ಎನ್ನುತ್ತಾರೆ. ಇಲ್ಲಿ ಮೇಲುಗಲ್ಲು ಎನ್ನೋಣ. ನೋಡುವವರಿಗೆ ಅದು ಅಂಚು ಕಟ್ಟಿದ ಹಾಗೆ, ಕೆಲಸ ಮುಗಿದ ಮೇಲೆ ಅಂದಕ್ಕೆ ಇಟ್ಟ ಹಾಗೆ ಕಾಣುತ್ತದೆ. ವಾಸ್ತವವಾಗಿ ಮಣ್ಣು ತಡೆಯುವ ಗೋಡೆ ಬಾಳುವುದೂ ಬೀಳುವುದೂ ಬಹುಮಟ್ಟಿಗೆ ಅದರಿಂದಲೇ.

ಏಕೆ ಎಂದು ನೋಡಬೇಕಾದರೆ ಗೋಡೆಯ ಕಷ್ಟ ಏನೆಂದು ತಿಳಿಯಬೇಕು. ಮನೆಯ ಗೋಡೆಯ ಮೇಲೆ ಭಾರ ನೇರವಾಗಿ ಕೆಳಕ್ಕೆ ಬೀಳುತ್ತದೆ. ತಡೆಗೋಡೆಯ ಮೇಲೆ ಭಾರ ಪಕ್ಕದಿಂದ, ಬೆನ್ನ ಹಿಂದಿನಿಂದ ಬರುತ್ತದೆ. ಒಣಗಿದ ಮಣ್ಣು ಅಷ್ಟಾಗಿ ತಳ್ಳುವುದಿಲ್ಲ. ತನ್ನಷ್ಟಕ್ಕೆ ತಾನು ಸ್ವಲ್ಪ ನಿಲ್ಲುವ ಗುಣ ನಮ್ಮ ಕೆಂಪುಮಣ್ಣಿಗಿದೆ. ಅದೇ ಮಣ್ಣು ನೀರು ಕುಡಿದರೆ ತೂಕ ಹೆಚ್ಚುತ್ತದೆ, ಹಿಡಿತ ಕಳೆದುಕೊಳ್ಳುತ್ತದೆ, ನೀರಿನ ಒತ್ತಡವೂ ಸೇರಿಕೊಳ್ಳುತ್ತದೆ. ಆದ್ದರಿಂದಲೇ ತಡೆಗೋಡೆಗಳು ಬೇಸಿಗೆಯಲ್ಲಿ ಬೀಳುವುದು ಅಪರೂಪ. ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ರಾತ್ರಿ ಮಳೆಗೆ.

ಈ ನೀರು ಒಳಗೆ ಹೋಗುವ ದಾರಿಗಳಲ್ಲಿ ಒಂದು ಗೋಡೆಯ ತಲೆ. ಲೆಕ್ಕ ಹಾಕಿ ನೋಡಬಹುದು. ಇಪ್ಪತ್ತು ಅಡಿ ಉದ್ದ, ಒಂದೂವರೆ ಅಡಿ ದಪ್ಪದ ಸಾಧಾರಣ ಗೋಡೆಯ ತಲೆ ಮೂವತ್ತು ಚದರಡಿ. ಬೆಂಗಳೂರಿನಲ್ಲಿ ವರ್ಷಕ್ಕೆ 900 ಮಿಲಿಮೀಟರ್ ಮಳೆ ಎಂದು ಹಿಡಿದರೂ ಆ ತಲೆಯ ಮೇಲೆ ಬೀಳುವ ನೀರು ಸುಮಾರು 2,500 ಲೀಟರು. ಮುಚ್ಚದೆ ಬಿಟ್ಟರೆ ಇದು ಕಲ್ಲುಕಲ್ಲಿನ ಸಂದಿಗೆ ಇಳಿಯುತ್ತದೆ, ನಡುವೆ ತುಂಬಿದ ಮಣ್ಣನ್ನೂ ಗಾರೆಯನ್ನೂ ತೊಳೆಯುತ್ತದೆ. ಸಂದಿಯಲ್ಲಿ ಹುಲ್ಲು ಹುಟ್ಟುತ್ತದೆ, ಆಮೇಲೆ ಹಕ್ಕಿ ತಂದು ಹಾಕಿದ ಅರಳಿ ಬೀಜ. ಹತ್ತು ವರ್ಷದಲ್ಲಿ ಗೋಡೆ ಹೊಟ್ಟೆ ಬಿಡುತ್ತದೆ. ನೋಡಿದವರು ಬುಡ ಸರಿಯಿಲ್ಲ, ಪಾಯ ಸರಿಯಿಲ್ಲ ಎನ್ನುತ್ತಾರೆ. ಎಷ್ಟೋ ಸಲ ರೋಗ ಶುರುವಾದದ್ದು ತಲೆಯಿಂದ.

ಇದು ಕಲ್ಲು ಕಾಣುವುದಕ್ಕೆ ಮೊದಲೇ ಜನಕ್ಕೆ ಗೊತ್ತಿದ್ದ ಮಾತು. ಮಣ್ಣಿನ ಗೋಡೆಯ ತಲೆಗೆ ಹಳ್ಳಿಗಳಲ್ಲಿ ಹುಲ್ಲು ಹೊದಿಸುತ್ತಿದ್ದರು, ತೆಂಗಿನ ಸೋಗೆ ಹಾಕುತ್ತಿದ್ದರು. ಅದನ್ನು ವರ್ಷ ವರ್ಷ ಹೊಸದಾಗಿ ಮಾಡಬೇಕಿತ್ತು. ಬೆಂಗಳೂರಿನ ಸುತ್ತಿನವರಿಗೆ ಇನ್ನೊಂದು ದಾರಿ ಇತ್ತು. ಅವರ ಕಾಲಕೆಳಗೇ ಬಂಡೆ ಇತ್ತು, ಆ ಬಂಡೆಗೆ ಒಂದು ವಿಶೇಷ ಗುಣವಿತ್ತು.

ಲಾಲ್‌ಬಾಗಿನ ಗುಡ್ಡ, ಬಸವನಗುಡಿಯ ಕಹಳೆ ಬಂಡೆ, ಇವೆಲ್ಲ ಒಂದೇ ಜಾತಿಯ ಶಿಲೆ. 1916ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಡಬ್ಲ್ಯು. ಎಫ್. ಸ್ಮೀತ್ ಇದಕ್ಕೆ ಪೆನಿನ್ಸುಲಾರ್ ನೈಸ್ ಎಂದು ಹೆಸರಿಟ್ಟರು. ಸುಮಾರು ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯ ಕಲ್ಲು. ಲಾಲ್‌ಬಾಗಿನ ಬಂಡೆಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂಬ ಮನ್ನಣೆಯೂ ಇದೆ. ಜನ ಬಳಕೆಯಲ್ಲಿ ಇದೆಲ್ಲ ಗ್ರಾನೈಟ್, ಇಲ್ಲವೆ ಬರೀ ಬಂಡೆಕಲ್ಲು. ಬೋರಲು ಹಾಕಿದ ಬೋಗುಣಿಯ ಹಾಗೆ ನೆಲದಿಂದ ಉಬ್ಬಿ ನಿಂತ ಈ ಬಂಡೆಗಳನ್ನು ಹಾಳೆ ಹಾಳೆಯಾಗಿ ಎಬ್ಬಿಸಬಹುದು. ಎಬ್ಬಿಸುವ ಉಪಕರಣ ಬೆಂಕಿ.

ಬೆಂಗಳೂರಿನ ಈ ವಿದ್ಯೆ ದೂರದವರನ್ನೂ ಬೆರಗುಗೊಳಿಸಿತ್ತು. ಬ್ರಿಟಾನಿಕಾ ವಿಶ್ವಕೋಶದ 1911ರ ಆವೃತ್ತಿಯಲ್ಲಿ ಕಲ್ಲುಗಣಿಗಳನ್ನು ಕುರಿತ ಲೇಖನದೊಳಗೆ ಬೆಂಗಳೂರಿನ ಹೆಸರು ಹೇಳಿ ಇದನ್ನು ವಿವರವಾಗಿ ಬರೆದಿದ್ದಾರೆ. ಬಂಡೆಯ ಮೇಲೆ ಒಣ ಸೌದೆಯನ್ನು ಏಳಡಿ ಉದ್ದದ ಸಾಲಾಗಿ ಜೋಡಿಸಿ ಬೆಂಕಿ ಹಚ್ಚುವುದು. ಮುಂದಿನ ಕಲ್ಲನ್ನು ಸುತ್ತಿಗೆಯಿಂದ ಆಗಾಗ ತಟ್ಟಿ ನೋಡುವುದು. ಅಡಿಯ ಬಂಡೆಯಿಂದ ಮೇಲಿನ ಪದರ ಬಿಟ್ಟುಕೊಂಡ ಕೂಡಲೇ ಸದ್ದು ಬೇರೆಯಾಗುತ್ತದೆ. ಆಗ ಬೆಂಕಿಯನ್ನು ಕೆಲವು ಅಂಗುಲ ಮುಂದಕ್ಕೆ ತಳ್ಳುವುದು. ಮತ್ತೆ ತಟ್ಟುವುದು, ಮತ್ತೆ ತಳ್ಳುವುದು. ಹೀಗೆ ಸಾಗುತ್ತಾ ಬೆಂಕಿಯ ಸಾಲು ಬಿಲ್ಲಿನಂತೆ ಬಾಗಿ 25 ಅಡಿವರೆಗೂ ಉದ್ದವಾಗುತ್ತದೆ. ಎಂಟು ಗಂಟೆಯ ಕೆಲಸ. ಕೊನೆಗೆ ಸುಮಾರು 740 ಚದರಡಿಯ, ಸರಾಸರಿ ಐದು ಅಂಗುಲ ದಪ್ಪದ ಒಂದೇ ಹಾಳೆ ಬಿಡಿಯಾಗಿ ಮಲಗಿರುತ್ತದೆ. ಖರ್ಚಾದ ಸೌದೆ 15 ಹಂಡ್ರೆಡ್‌ವೇಟ್, ಅಂದರೆ ಮುಕ್ಕಾಲು ಟನ್ನಿಗೆ ತುಸು ಹೆಚ್ಚು. ಒಂದು ಪೌಂಡು ಸೌದೆಗೆ ಮೂವತ್ತು ಪೌಂಡು ಕಲ್ಲು ಎಂದು ಆ ಲೇಖನದ ಲೆಕ್ಕ. ಅರವತ್ತಡಿ ಉದ್ದ, ನಲವತ್ತಡಿ ಅಗಲದ ಹಾಳೆಗಳನ್ನೂ ಎಬ್ಬಿಸುತ್ತಿದ್ದರೆಂದು ಅದೇ ಲೇಖನ ಹೇಳುತ್ತದೆ.

ಇದರ ಒಳಗುಟ್ಟು ಸರಳ. ಕಾದ ಕಲ್ಲು ಹಿಗ್ಗುತ್ತದೆ. ಮೇಲಿನ ಕೆಲವು ಅಂಗುಲ ಕಾದು ಹಿಗ್ಗಲು ಹೊರಟಾಗ ಅಡಿಯ ತಣ್ಣನೆಯ ಕಲ್ಲು ಹಿಗ್ಗಲು ಒಪ್ಪುವುದಿಲ್ಲ. ಎರಡರ ನಡುವೆ ಬಿರುಕು ಬೀಳುತ್ತದೆ. ಮದ್ದಿಲ್ಲ, ಗರಗಸವಿಲ್ಲ, ಕಿವಿಯೊಂದಿದ್ದರೆ ಆಯಿತು. ಮುಂದೆ ಇನ್ನೊಂದು ಕಡೆ ಈ ನಿಯಮವೇ ನಮ್ಮನ್ನು ಕಾಡುವುದರಿಂದ ಓದುಗರು ಇದನ್ನು ನೆನಪಿಟ್ಟುಕೊಳ್ಳಬೇಕು.

ಆ ಹಾಳೆಯನ್ನು ಉಳಿಯಿಂದ ಸಾಲಾಗಿ ಗುಳಿ ತೋಡಿ ಬೇಕಾದ ಅಳತೆಗೆ ಸೀಳುತ್ತಿದ್ದರು. ಮನೆಯ ಸೂರಿಗೆ, ಚರಂಡಿಯ ಮುಚ್ಚಳಕ್ಕೆ, ಜಗುಲಿಗೆ, ಬಟ್ಟೆ ಒಗೆಯುವುದಕ್ಕೆ, ಹೊಲದ ಬೇಲಿಗೆ ಎಲ್ಲಕ್ಕೂ ಚಪ್ಪಡಿ. ಬೆಂಗಳೂರಿನ ಸುತ್ತಮುತ್ತ ಹೊಲಗಳಿಗೆ ಚಪ್ಪಡಿಗಳನ್ನು ನೆಟ್ಟಗೆ ನಿಲ್ಲಿಸಿ ಬೇಲಿ ಮಾಡಿದ್ದನ್ನು ಕಂಡವರು ಈಗಲೂ ಇದ್ದಾರೆ. ಕಟ್ಟೆಯ ಮೇಲುಗಲ್ಲಿಗೆ ಇದಕ್ಕಿಂತ ತಕ್ಕ ವಸ್ತು ಇನ್ನೊಂದಿಲ್ಲ. ಐದಾರು ಅಂಗುಲ ದಪ್ಪ, ಬೇಕಾದಷ್ಟು ಉದ್ದ, ಮೇಲ್ಮೈ ಸಮತಟ್ಟು. ಉದ್ದ ಹೆಚ್ಚಿದಷ್ಟೂ ಸಂದಿ ಕಡಿಮೆ, ಸಂದಿ ಕಡಿಮೆಯಾದಷ್ಟೂ ನೀರು ಕಡಿಮೆ.

ಇದನ್ನೆಲ್ಲ ಮಾಡಿದವರು ಯಾರು? ಕೆರೆ ಕಟ್ಟಿಸಿದವರ ಹೆಸರು ಶಾಸನಗಳಲ್ಲಿವೆ, ಕಟ್ಟಿದವರದು ಸಾಮಾನ್ಯವಾಗಿ ಇರುವುದಿಲ್ಲ. ಕಲ್ಲು ಮತ್ತು ಮಣ್ಣಿನ ಕೆಲಸ ಈ ನಾಡಿನಲ್ಲಿ ಬಹುಮಟ್ಟಿಗೆ ಭೋವಿ ಸಮುದಾಯದವರ ಕೈಯಲ್ಲಿತ್ತು. ಹಳೆಯ ದಾಖಲೆಗಳು ಅವರಲ್ಲಿ ಕಲ್ಲು ವಡ್ಡರು, ಮಣ್ಣು ವಡ್ಡರು ಎಂದು ಎರಡು ಕವಲುಗಳನ್ನು ಹೇಳುತ್ತವೆ. ಒಬ್ಬರು ಬಂಡೆ ಒಡೆಯುವವರು, ಇನ್ನೊಬ್ಬರು ಕೆರೆ ಬಾವಿ ತೋಡುವವರು, ಏರಿ ಹಾಕುವವರು. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿದ ಸಿದ್ಧರಾಮನನ್ನು ಈ ಸಮುದಾಯ ಗುರುವೆಂದು ನಂಬುತ್ತದೆ. ಕೆರೆ ಅಗೆಯುವವರು ಕೆರೆ ಕಟ್ಟಿಸಿದ ಶರಣನನ್ನು ಗುರುವಾಗಿ ಆರಿಸಿಕೊಂಡದ್ದು ಎಷ್ಟು ಸಹಜ! ಒಂದು ಕಟ್ಟೆ ನಿಲ್ಲಬೇಕಾದರೆ ಮಣ್ಣಿನ ಬುದ್ಧಿ, ಕಲ್ಲಿನ ಬುದ್ಧಿ ಎರಡೂ ಒಂದೇ ಜಾಗದಲ್ಲಿ ಕೂಡಬೇಕು. ಈಗಿನ ಕಟ್ಟಡದ ಕೆಲಸದಲ್ಲಿ ಮಣ್ಣು ತುಂಬುವವರು ಒಬ್ಬರು, ಗೋಡೆ ಕಟ್ಟುವವರು ಒಬ್ಬರು, ಮೇಲೆ ಕಲ್ಲು ಅಂಟಿಸುವವರು ಮತ್ತೊಬ್ಬರು. ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ.

ಮೇಲುಗಲ್ಲು ಕೂರಿಸುವ ಕೆಲಸ ಹೇಗಿರುತ್ತದೆ ಎಂದು ಹೇಳಬೇಕು. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅರ್ಧ ಅಡಿ ದಪ್ಪದ ಒಂದು ಚಪ್ಪಡಿ ಸುಮಾರು 165 ಕಿಲೋ ತೂಗುತ್ತದೆ. ಹಗ್ಗ ಬಿಗಿದು ಬೊಂಬಿನಲ್ಲಿ ನಾಲ್ಕು ಜನ ಹೊರಬೇಕು. ಅಂಥದ್ದನ್ನು ಗೋಡೆಯ ಮೇಲೆ ಇಟ್ಟ ಮೇಲೆ ಮತ್ತೆ ಮತ್ತೆ ಎತ್ತುವುದಕ್ಕಾಗುವುದಿಲ್ಲ. ಆದ್ದರಿಂದ ಕೆಲಸದ ಬಹುಪಾಲು ಕಲ್ಲು ಏರಿಸುವ ಮೊದಲೇ ಮುಗಿದಿರಬೇಕು. ಕೆಳಗಿನ ವರಸೆಯ ತಲೆ ಒಂದೇ ಮಟ್ಟಕ್ಕೆ ಬಂದಿದೆಯೇ ಎಂದು ಎರಡು ಮೂಲೆಗೆ ದಾರ ಕಟ್ಟಿ ನೋಡುವುದು, ಎದ್ದುನಿಂತ ಮೊನೆಗಳನ್ನು ಉಳಿಯಿಂದ ತಟ್ಟುವುದು, ಚಪ್ಪಡಿಗಳನ್ನು ನೆಲದ ಮೇಲೆಯೇ ಸಾಲಾಗಿ ಇಟ್ಟು ಯಾವುದರ ಪಕ್ಕ ಯಾವುದು ಎಂದು ಗೊತ್ತು ಮಾಡುವುದು. ಕೆಳಗಿನ ಎರಡು ಕಲ್ಲುಗಳ ಸಂದಿಯ ನೇರಕ್ಕೆ ಮೇಲಿನ ಸಂದಿ ಬರಬಾರದು. ಬಂದರೆ ಆ ಗೆರೆಯಲ್ಲೇ ನೀರು ಬುಡದವರೆಗೂ ದಾರಿ ಮಾಡಿಕೊಳ್ಳುತ್ತದೆ.

ಕಲ್ಲುಗಳನ್ನು ಮೊದಲೇ ಗುರುತು ಮಾಡಿ ಇಡುವ ಈ ಪದ್ಧತಿಯ ಅತ್ಯಂತ ಅಚ್ಚುಕಟ್ಟಾದ ಉದಾಹರಣೆ ಹಂಪಿಯಲ್ಲಿದೆ. ಅರಮನೆಯ ಆವರಣದಲ್ಲಿ 1980ರ ದಶಕದ ಉತ್ಖನನದಲ್ಲಿ ಸಿಕ್ಕ ಮೆಟ್ಟಿಲುಗಳ ಕೊಳದ ಕಪ್ಪು ಕಲ್ಲುಗಳ ಮೇಲೆ ದಿಕ್ಕು, ವರಸೆ, ಸ್ಥಾನಗಳನ್ನು ಸೂಚಿಸುವ ಗುರುತುಗಳಿವೆ. ಎಲ್ಲೋ ಕೆತ್ತಿ, ಗುರುತು ಹಾಕಿ, ತಂದು ಜೋಡಿಸಿದ ಕೊಳ ಅದು. ನಮ್ಮ ಬೀದಿಯ ಕಟ್ಟೆಗೆ ಅಷ್ಟು ವೈಭವವಿಲ್ಲ. ಮೇಸ್ತ್ರಿ ಇದ್ದಿಲು ಚೂರಿನಲ್ಲಿ ಎಳೆದ ಒಂದೆರಡು ಗೀಟು ಸಾಕು.

ಗೋಡೆಯ ಮುಖದಿಂದ ಮೇಲುಗಲ್ಲು ಒಂದೆರಡು ಅಂಗುಲ ಹೊರಕ್ಕೆ ಚಾಚಿರಬೇಕು. ಆಗ ಮಳೆನೀರು ಗೋಡೆಯ ಮೈಯನ್ನು ನೆಕ್ಕದೆ ದೂರಕ್ಕೆ ತೊಟ್ಟಿಕ್ಕುತ್ತದೆ. ಎಚ್ಚರವುಳ್ಳ ಕೆಲಸಗಾರ ಈ ಚಾಚಿನ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ಗಾಡಿ ಕೊರೆಯುತ್ತಾನೆ. ಅಡಿಗೆ ಅಂಟಿಕೊಂಡು ಒಳಕ್ಕೆ ಹರಿಯುವ ಹನಿ ಅಲ್ಲಿಗೆ ಬಂದು ನಿಂತು ಬೀಳುತ್ತದೆ. ಕಲ್ಲು ಕಣ್ಣಿಗೆ ಕಾಣದಷ್ಟು ಹೊರಗಡೆಗೆ ಇಳಿಜಾರಾಗಿರಬೇಕು. ಹಿಂದುಗಡೆ ಗೋಡೆಗೂ ಮಣ್ಣಿಗೂ ನಡುವೆ ಜಲ್ಲಿ ತುಂಬಿ, ಬುಡದಲ್ಲಿ ನೀರು ಬಸಿಯುವ ತೂತು ಬಿಟ್ಟಿರಬೇಕು. ಮೇಲುಗಲ್ಲು ಎಷ್ಟೇ ಚೆನ್ನಾಗಿದ್ದರೂ ಮಣ್ಣಿನ ಮೂಲಕ ಬರುವ ನೀರು ಇದ್ದೇ ಇರುತ್ತದೆ, ಅದಕ್ಕೆ ಹೊರದಾರಿ ಬೇಕು. ಇದರ ಮೇಲೆ ತೂಕ. 165 ಕಿಲೋದ ಕಲ್ಲು ಕೆಳಗಿನ ಸಣ್ಣ ಕಲ್ಲುಗಳನ್ನು ಅದುಮಿ ಹಿಡಿಯುತ್ತದೆ. ಗಾರೆಯಿಲ್ಲದೆ ಕಟ್ಟಿದ ಗೋಡೆಗೂ ಅದರಿಂದ ಒಗ್ಗಟ್ಟು ಬರುತ್ತದೆ. ಕೆರೆಯ ಕೋಡಿಯ ತಲೆಯ ಮೇಲೆ ಉದ್ದನೆಯ ಕಲ್ಲುಗಳನ್ನು ಹಾಸುವುದೂ ಇದಕ್ಕೇ. ಹೆಚ್ಚಾದ ನೀರು ತಲೆಯ ಮೇಲೆಯೇ ಹಾರಿ ಹೋಗುವ ಆ ಜಾಗದಲ್ಲಿ ಹಗುರ ಕಲ್ಲು ಒಂದು ಮಳೆಗಾಲವೂ ನಿಲ್ಲುವುದಿಲ್ಲ.

ಚೌಕದ ಕಟ್ಟೆಯಾದರೆ ಸುಲಭ. ದುಂಡು ಕಟ್ಟೆ ಮೇಸ್ತ್ರಿಯ ಕೈಯನ್ನು ಪರೀಕ್ಷಿಸುತ್ತದೆ. ನಡುವಿನಿಂದ ಆರಡಿ ದೂರಕ್ಕೆ ಹೊರ ಅಂಚಿರುವ ದುಂಡು ಕಟ್ಟೆಗೆ ಒಂದೂವರೆ ಅಡಿ ಅಗಲದ ಮೇಲುಗಲ್ಲು ಹಾಕುವುದಾದರೆ, ಹೊರಗೆ ಮೂರಡಿ ಇರುವ ಕಲ್ಲು ಒಳಗೆ ಎರಡೂಕಾಲು ಅಡಿ ಮಾತ್ರ ಇರಬೇಕು. ಒಂಬತ್ತು ಅಂಗುಲವನ್ನು ಎರಡೂ ಪಕ್ಕದಿಂದ ಓರೆಯಾಗಿ ಕೆತ್ತಿ ತೆಗೆಯಬೇಕು. ಕೆತ್ತದೆ ಚೌಕದ ಚಪ್ಪಡಿಗಳನ್ನೇ ಸುತ್ತ ಇಟ್ಟರೆ ಹೊರಗಡೆ ಬಾಯಿ ಬಿಟ್ಟ ಸಂದಿಗಳು ಉಳಿಯುತ್ತವೆ. ಅವನ್ನು ಗಾರೆಯಿಂದ ತುಂಬಿ ಮುಚ್ಚಿದವರಿದ್ದಾರೆ. ಎಷ್ಟು ಕಾಲ ಮುಚ್ಚಿರುತ್ತದೆ ಎಂಬುದು ಬೇರೆ ಮಾತು. ಹಳೆಯ ಕಟ್ಟೆಗಳಲ್ಲಿ ಚೌಕಗಳು ಹೆಚ್ಚು ಕಾಣುವುದಕ್ಕೆ ಶಾಸ್ತ್ರಕ್ಕಿಂತ ಈ ಒಂಬತ್ತು ಅಂಗುಲವೇ ಕಾರಣವಿರಬಹುದು ಎಂದು ನನಗೆ ಅನ್ನಿಸುವುದುಂಟು.

ಚೆನ್ನಾಗಿ ಕೂರಿಸಿದ ಕಲ್ಲು ಎಷ್ಟು ತಡೆದುಕೊಳ್ಳುತ್ತದೆ ಎಂಬುದಕ್ಕೆ ಮಲ್ಲೇಶ್ವರದ ನಂದಿತೀರ್ಥ ಸಾಕ್ಷಿ. ಕಾಡು ಮಲ್ಲೇಶ್ವರ ದೇವಸ್ಥಾನದ ಎದುರಿನ ಜಾಗದಲ್ಲಿ ಮಣ್ಣು ಮುಚ್ಚಿ ಮರೆತೇಹೋಗಿದ್ದ ಈ ಕಲ್ಯಾಣಿ 1997ರಲ್ಲಿ ಅಗೆತದಿಂದ ಮತ್ತೆ ಬೆಳಕಿಗೆ ಬಂತು. ಕಲ್ಯಾಣಿ ಎಂದರೆ ನಾಲ್ಕು ಕಡೆಯಿಂದಲೂ ಮಣ್ಣು ಒಳಕ್ಕೆ ತಳ್ಳುತ್ತಿರುವ ಗುಂಡಿ. ಅದರ ಪ್ರತಿಯೊಂದು ಮೆಟ್ಟಿಲೂ ಒಂದು ಸಣ್ಣ ತಡೆಗೋಡೆ, ಕಾಲಿಡುವ ಹಾಸುಗಲ್ಲು ಅದರ ಮೇಲುಗಲ್ಲು. ಮೇಲಿನ ಕಲ್ಲಿನ ತೂಕವೇ ಕೆಳಗಿನದನ್ನು ಹಿಡಿಯುತ್ತಾ ಹೋಗುತ್ತದೆ. ಮಣ್ಣು ತೆಗೆದಾಗ ಮೆಟ್ಟಿಲುಗಳು ತಮ್ಮ ಜಾಗದಲ್ಲೇ ಇದ್ದವು.

1892ರಲ್ಲಿ ಚಾಮರಾಜಪೇಟೆ, 1898ರ ಪ್ಲೇಗಿನ ನಂತರ ಬಸವನಗುಡಿ ಮತ್ತು ಮಲ್ಲೇಶ್ವರ ಬೆಳೆದಾಗ ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಜನಕ್ಕೆ ಮೊದಲ ಸಲ ಮನೆಯ ಸುತ್ತ ತೋಟ ದೊರೆಯಿತು. ಮಲ್ಲೇಶ್ವರದ ನೆಲ ಸ್ಯಾಂಕಿ ಕೆರೆಯ ಕಡೆಗೆ ಇಳಿಜಾರು. ಇಂಥ ಇಳಿಜಾರಿನ ನಿವೇಶನದಲ್ಲಿ ತೋಟ ಮಾಡಬೇಕಾದರೆ ಮಣ್ಣನ್ನು ಮೆಟ್ಟಿಲಾಗಿಸಿ ತಡೆಗೋಡೆ ಹಾಕಲೇಬೇಕು. ಊರಬಾಗಿಲ ಕಟ್ಟೆಯ ವಿದ್ಯೆ ಹೀಗೆ ಮನೆಯ ಅಂಗಳಕ್ಕೆ ಬಂತು. ಸೈಜುಗಲ್ಲಿನ ಸಣ್ಣ ಗೋಡೆ, ಮೇಲೆ ಚಪ್ಪಡಿ, ಚಪ್ಪಡಿಯ ಮೇಲೆ ಸಂಪಿಗೆಯ ನೆರಳು, ಸಂಜೆ ಹೊತ್ತು ಅಲ್ಲಿ ಕೂತು ಹೂ ಕಟ್ಟುವ ಅಜ್ಜಿ. ಆ ಮನೆಗಳಲ್ಲಿ ಬೆಳೆದವರಿಗೆ ಬಿಸಿಲು ಆರಿದ ಮೇಲೂ ಕಲ್ಲಿನಲ್ಲಿ ಉಳಿದಿರುತ್ತಿದ್ದ ಬೆಚ್ಚಗಿನ ಕಾವು ನೆನಪಿರಬಹುದು.

ಸಂದಿಗೆ ಹಾಕುತ್ತಿದ್ದದ್ದು ಸುಣ್ಣದ ಗಾರೆ, ಇಲ್ಲವೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ. ಕನ್ನಂಬಾಡಿ ಕಟ್ಟೆಯನ್ನೇ 1911ರಿಂದ 1931ರವರೆಗೆ ಸುರ್ಕಿ ಗಾರೆಯಲ್ಲಿ ಕಟ್ಟಿದರು ಎಂದ ಮೇಲೆ ಅದನ್ನು ಹಗುರವಾಗಿ ನೋಡುವಂತಿಲ್ಲ. ಸುಣ್ಣದ ಗಾರೆ ನಿಧಾನವಾಗಿ ಗಟ್ಟಿಯಾಗುತ್ತದೆ, ಗೋಡೆ ತುಸು ಅಲ್ಲಾಡಿದರೆ ತಾನೂ ತುಸು ಹೊಂದಿಕೊಳ್ಳುತ್ತದೆ, ಕೂದಲೆಳೆಯ ಬಿರುಕಿಗೆ ಮತ್ತೆ ಸುಣ್ಣ ಕೂರುತ್ತದೆ. ಮರದ ಕಟ್ಟೆಗಳಲ್ಲಿ ಹಲವು ಕಡೆ ಗಾರೆಯೇ ಇರುತ್ತಿರಲಿಲ್ಲ. ಅದರಲ್ಲಿ ಒಂದು ವಿವೇಕವಿದೆ. ಕಟ್ಟೆ ಕಟ್ಟಿದ ದಿನ ಅರಳಿ ಸಸಿ ತೋಳಿನಷ್ಟು ದಪ್ಪವಿರುತ್ತದೆ. ಐವತ್ತು ವರ್ಷದ ಮೇಲೆ ನಾಲ್ಕು ಜನ ತಬ್ಬಿದರೂ ಸಾಲದು. ಬೇರು ಗೋಡೆಯನ್ನು ತಳ್ಳಿಯೇ ತಳ್ಳುತ್ತದೆ. ಗಾರೆಯಿಲ್ಲದ ಕಲ್ಲು ಒಂದಂಗುಲ ಸರಿದು ಜಾಗ ಬಿಡುತ್ತದೆ. ತಲೆಮಾರಿಗೊಮ್ಮೆ ಮೇಲುಗಲ್ಲು ಇಳಿಸಿ, ಗೋಡೆಯನ್ನು ಒಂದಡಿ ಹೊರಕ್ಕೆ ಸರಿಸಿ ಕಟ್ಟಿ, ಅವೇ ಕಲ್ಲುಗಳನ್ನು ಮತ್ತೆ ಹಾಸಬಹುದು.

ಈಗ ಆಗುತ್ತಿರುವುದನ್ನು ನೋಡಿ. ಕಟ್ಟೆಯನ್ನು ಜೀರ್ಣೋದ್ಧಾರ ಮಾಡುತ್ತೇವೆ ಎಂದು ಬೀದಿಯವರು ವಂತಿಗೆ ಎತ್ತುತ್ತಾರೆ. ಭಕ್ತಿ ನಿಜ, ಉತ್ಸಾಹವೂ ನಿಜ. ಹಳೆಯ ಚಪ್ಪಡಿಗಳನ್ನು ತೆಗೆದು ಲಾರಿಗೆ ಹಾಕುತ್ತಾರೆ. ಗೋಡೆಗೆ ಸಿಮೆಂಟು ಬಳಿದು, ಮೇಲೆ ಮುಕ್ಕಾಲು ಅಂಗುಲದ ಹೊಳೆಯುವ ಗ್ರಾನೈಟ್ ಹಲಗೆ ಅಂಟಿಸುತ್ತಾರೆ. ಮಣ್ಣು ಕಾಣುವುದು ಗಲೀಜೆಂದು ಮರದ ಕಾಂಡದವರೆಗೂ ಕಾಂಕ್ರೀಟು ಹಾಕಿ ಅದರ ಮೇಲೂ ಟೈಲು. ಸುತ್ತ ಕಬ್ಬಿಣದ ಸರಳು. ಯಾರೂ ಕೂರಬಾರದು ಎಂದು ಬೋರ್ಡು. ನನ್ನ ಪರಿಚಯದ ಬೀದಿಯೊಂದರ ಕಟ್ಟೆಗೆ ಹೀಗೆಯೇ ಆಯಿತು. ಎರಡು ಮಳೆಗಾಲ ಕಳೆಯುವುದರೊಳಗೆ ಮೂಲೆಯ ಹಲಗೆಗಳು ಎದ್ದವು. ಮೂರನೆಯ ವರ್ಷ ಗೋಡೆ ಸೀಳಿತು. ಮರದ ಬೇರು ಗೋಡೆ ಒಡೆಯಿತು, ಕೊಂಬೆ ಒಣಗಿದೆ, ಮರ ತೆಗೆಸಬೇಕು ಎಂಬ ಮಾತು ಅಲ್ಲಿಂದ ಶುರುವಾಯಿತು.

ತಪ್ಪು ಬೇರಿನದಲ್ಲ. ಮೂರಡಿಗೆ ಒಂದೂವರೆ ಅಡಿಯ ಹಳೆಯ ಮೇಲುಗಲ್ಲು 165 ಕಿಲೋ ಇದ್ದರೆ ಅದೇ ಅಳತೆಯ ಹೊಸ ಹಲಗೆ 21 ಕಿಲೋ. ತೂಕದಿಂದ ನಿಲ್ಲಬೇಕಾದದ್ದು ಅಂಟಿನಿಂದ ನಿಲ್ಲಬೇಕಾಯಿತು. ಏಪ್ರಿಲ್ ಬಿಸಿಲಿಗೆ ತೆಳು ಹಲಗೆ ಕಾದು ಹಿಗ್ಗುತ್ತದೆ, ಅಡಿಯ ಗೋಡೆ ತಣ್ಣಗಿರುತ್ತದೆ. ಬೆಂಕಿ ಇಟ್ಟು ಹಾಳೆ ಎಬ್ಬಿಸುತ್ತಿದ್ದವರ ನಿಯಮವೇ ಇಲ್ಲಿ ನಿಧಾನಗತಿಯಲ್ಲಿ ಕೆಲಸ ಮಾಡುತ್ತದೆ. ಅಂದು ಎಂಟು ಗಂಟೆಯಲ್ಲಿ ಬೇಕೆಂದೇ ಮಾಡಿದ್ದನ್ನು ಇಂದು ಬಿಸಿಲು ಎರಡು ವರ್ಷದಲ್ಲಿ ನಮಗೆ ಬೇಡದೆ ಮಾಡಿಕೊಡುತ್ತದೆ. ಅಂಟು ಬಿಟ್ಟ ಸಂದಿಗೆ ನೀರು ಇಳಿಯುತ್ತದೆ. ಬಸಿಯುವ ತೂತುಗಳನ್ನು ಸಿಮೆಂಟು ಬಳಿಯುವಾಗಲೇ ಮುಚ್ಚಿಯಾಗಿರುತ್ತದೆ. ಇತ್ತ ಮೇಲಿನಿಂದ ನೀರೂ ಗಾಳಿಯೂ ಸಿಗದ ಬೇರು ನೀರಿರುವ ಕಡೆಗೆ, ಅಂದರೆ ಗೋಡೆಯ ಬಿರುಕಿನ ಕಡೆಗೇ ಹೋಗುತ್ತದೆ. ಬೇರೆಲ್ಲಿಗೆ ಹೋಗಬೇಕು? ಹಳೆಯ ಕಟ್ಟೆಯಲ್ಲಿ ಮೇಲುಗಲ್ಲು ಗೋಡೆಯ ತಲೆಯನ್ನು ಮಾತ್ರ ಮುಚ್ಚುತ್ತಿತ್ತು, ಮರದ ಬುಡ ಮಣ್ಣಾಗಿಯೇ ಇರುತ್ತಿತ್ತು. ಹೆಂಗಸರು ಪ್ರದಕ್ಷಿಣೆ ಮಾಡಿ ಎರೆದ ನೀರು ಬೇರಿಗೆ ಹೋಗುತ್ತಿತ್ತು. ಈಗ ಆ ನೀರು ಟೈಲಿನ ಮೇಲೆ ಹರಿದು ಚರಂಡಿ ಸೇರುತ್ತದೆ.

ಹೊರದೇಶಗಳಲ್ಲಿ ತೋಟದ ತಡೆಗೋಡೆಗೆ ಕಾಂಕ್ರೀಟಿನ ಅಚ್ಚಿನ ಕಲ್ಲುಗಳೂ ಅವಕ್ಕೆ ಹೊಂದುವ ಮುಚ್ಚಳದ ಕಲ್ಲುಗಳೂ ಅಂಗಡಿಯಲ್ಲೇ ಸಿಗುತ್ತವೆ. ಮನೆಯವರೇ ರಜೆಯ ದಿನ ಜೋಡಿಸಿಕೊಳ್ಳುತ್ತಾರೆ. ಮುಚ್ಚಳವನ್ನು ಒಂದು ಬಗೆಯ ಅಂಟಿನಿಂದ ಕೂರಿಸುವ ರೂಢಿ ಅಲ್ಲಿದೆ. ಕೆಲವು ಮುಚ್ಚಳದ ಕಲ್ಲುಗಳು ಒಂದು ಕಡೆ ಅಗಲ, ಒಂದು ಕಡೆ ಕಿರಿದಾಗಿ ಬರುತ್ತವೆ. ಅಗಲದ ಕಡೆಯನ್ನು ಹೊರಗಿಟ್ಟು ಸಾಲಾಗಿ ಜೋಡಿಸಿದರೆ ದುಂಡು, ಒಂದು ಬಿಟ್ಟು ಒಂದನ್ನು ತಿರುಗಿಸಿ ಇಟ್ಟರೆ ನೇರ. ನಮ್ಮ ಮೇಸ್ತ್ರಿಯ ಒಂಬತ್ತು ಅಂಗುಲದ ಕಷ್ಟವನ್ನು ಕಾರ್ಖಾನೆ ಹೀಗೆ ಬಿಡಿಸಿದೆ. ಆದರೆ ಬೆನ್ನ ಹಿಂದೆ ಜಲ್ಲಿ ತುಂಬಬೇಕು, ನೀರಿಗೆ ದಾರಿ ಬಿಡಬೇಕು, ಸಂದಿಯ ಮೇಲೆ ಸಂದಿ ಬರಬಾರದು ಎಂಬ ಮಾತು ಅಲ್ಲಿಯೂ ತಪ್ಪಿಲ್ಲ.

ಹಳೆಯ ಕಟ್ಟೆ ಸಡಿಲವಾಗಿದ್ದರೆ ಮಾಡಬೇಕಾದದ್ದು ಅಷ್ಟೇನೂ ದೊಡ್ಡದಲ್ಲ. ಚಪ್ಪಡಿಗಳು ಮೊದಲೇ ಅಲ್ಲಿವೆ. ಮುನ್ನೂರು ಕೋಟಿ ವರ್ಷದ ಕಲ್ಲು ಐವತ್ತು ವರ್ಷದಲ್ಲಿ ಹಳತಾಗುವುದಿಲ್ಲ. ಅವನ್ನು ಲಾರಿಗೆ ಹಾಕದೆ, ಇದ್ದಿಲಿನಲ್ಲಿ ಗುರುತು ಮಾಡಿ ಪಕ್ಕಕ್ಕೆ ಇಳಿಸಬೇಕು. ಹೊಟ್ಟೆ ಬಿಟ್ಟ ಗೋಡೆಯನ್ನು ಬಿಚ್ಚಿ, ಬೇರು ಕಡಿಯದೆ, ಬೇರಿಗೆ ಜಾಗ ಬಿಟ್ಟು ಮತ್ತೆ ಕಟ್ಟಬೇಕು. ಹಿಂದೆ ಜಲ್ಲಿ, ಬುಡದಲ್ಲಿ ತೂತು. ಆಮೇಲೆ ನಾಲ್ಕು ಆಳು, ಒಂದು ಬೊಂಬು, ಎರಡು ಹಾರೆ. ಕಲ್ಲನ್ನು ಜಾಗಕ್ಕೆ ಸರಿಸಿ, ಅಡಿಗೆ ಎಲ್ಲಿ ಟೊಳ್ಳಿದೆಯೋ ಅಲ್ಲಿ ಚಕ್ಕೆಕಲ್ಲು ತುರುಕಿ, ಮೇಸ್ತ್ರಿ ಅದರ ಒಂದು ಮೂಲೆಗೆ ಹೋಗಿ ಕೂರುತ್ತಾನೆ. ಎದುರು ಮೂಲೆಗೆ ಇನ್ನೊಬ್ಬನನ್ನು ಕೂರಿಸುತ್ತಾನೆ. ಇಬ್ಬರೂ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಭಾರ ಬಿಡುತ್ತಾರೆ. ಟಕ್ ಎಂದು ಸದ್ದು ಬಂದರೆ ಎದ್ದು ಇನ್ನೊಂದು ಚಕ್ಕೆ ಹಾಕಬೇಕು. ಸದ್ದು ಬಾರದಿದ್ದರೆ ಹಾಗೆಯೇ ಕೂತು ಬೀಡಿ ಹಚ್ಚುತ್ತಾರೆ.